ಮೂರನೇ ಪಟ್ಟಿಯ ಗರಿಕೆ

ಹೋದ ತಿಂಗಳು ಆಸ್ಟಿನ್‌ಗೆ ಹೋಗಿದ್ದಾಗ, ಪರಿಸರ ವಿಜ್ಞಾನ ಓದುತ್ತಿರುವ ಮೂವರು ಕನ್ನಡದ ಮಕ್ಕಳು ನನ್ನನ್ನು ದ ಡೊಮೇನ್ ಎಂಬ ಮಾಲಿನ ಒಂದು ಕಾಫಿ ಅಂಗಡಿಯಲ್ಲಿ ಕೂರಿಸಿ, “ಅಂಕಲ್, ಈ ಫೀಲ್ಡ್‌ನಲ್ಲಿ ಕೆಲಸ ನಿಜವಾಗ್ಲೂ ಹೇಗಿರತ್ತೆ?” ಎಂದು ಕೇಳಿದರು. ನಾನು ಒಂದೂವರೆ ಗಂಟೆ ಮಾತಾಡಿದೆ. ಹ್ಯೂಸ್ಟನ್‌ಗೆ ವಾಪಸು ಡ್ರೈವ್ ಮಾಡುತ್ತ ನೆನಪಿಸಿಕೊಂಡರೆ, ಹೇಳಿದ್ದೆಲ್ಲ ನಿವೃತ್ತರ ಮಾಮೂಲಿ ಉಪದೇಶ: ಶ್ರದ್ಧೆ ಇರಬೇಕು, ತಾಳ್ಮೆ ಇರಬೇಕು, ಬಿಸಿಲಿನಲ್ಲಿ ತಲೆಗೆ ಏನಾದರೂ ಹಾಕಿಕೊಳ್ಳಬೇಕು. ಅದರಲ್ಲಿ ಬಿಸಿಲಿನ ಮಾತೊಂದೇ ಉಪಯೋಗಕ್ಕೆ ಬರುವಂಥದ್ದು. ಪಾಪ, ಕಾಫಿ ಬೇರೆ ಅವರೇ ಕೊಡಿಸಿದ್ದರು. ಆ ಋಣ ತೀರಲಿ ಎಂದು ಇದನ್ನು ಬರೆಯಲು ಕೂತಿದ್ದೇನೆ.

ನನ್ನ ಕೆಲಸ ಹುಲ್ಲು ನೋಡುವುದು. ಯಾವ ಹುಲ್ಲು ಎಲ್ಲಿ ಬೆಳೆದರೆ ನೀರಿಗೆ, ಮಣ್ಣಿಗೆ, ಹಕ್ಕಿಗೆ ಏನಾಗುತ್ತದೆ ಎಂದು ವಿಶ್ವವಿದ್ಯಾಲಯದವರು ಸಂಶೋಧನೆ ಮಾಡಿ ಬರೆಯುತ್ತಾರೆ. ಬರೆದು ಬೇರೆ ಕಡೆ ಹೊರಟುಹೋಗುತ್ತಾರೆ. ಅದನ್ನು ನಿಜವಾದ ನೆಲದ ಮೇಲೆ, ನಿಜವಾದ ಜನರ ನಡುವೆ ಮಾಡಿಸುವ ಹೊಣೆ ನನ್ನಂಥವನದು. ಧಾರವಾಡದ ನನ್ನ ಮಾವನವರಿಗೆ ಇದನ್ನು ಮೊದಲ ಸಲ ವಿವರಿಸಿದಾಗ ಅವರು, “ಹುಲ್ಲು ನೋಡಾಕ ಅಮೇರಿಕಾಕ್ಕ ಹೋಗಬೇಕಾಗಿತ್ತೇನ್ರಿ ಅಳಿಯಂದ್ರ? ನಮ್ಮ ಎಮ್ಮಿ ದಿನಾ ನೋಡತಾವ” ಎಂದರು. ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡ್‌ನ ನಮ್ಮ ಕನ್ನಡ ಬಳಗದಲ್ಲಿ ಉಳಿದವರೆಲ್ಲ ಸಾಫ್ಟ್‌ವೇರ್‌ನವರು. ಎಲ್ಲಾ ಬಿಟ್ಟ ಮಗ ಭಂಗಿ ನೆಟ್ಟ ಎನ್ನುವ ಹಾಗೆ ನಾನೊಬ್ಬ. ಹೊಸಬರು ನನ್ನ ಕೆಲಸ ಕೇಳಿದ ಕೂಡಲೇ, “ಓ, ಲಾನ್ ಬಿಸಿನೆಸ್ಸಾ? ನಮ್ಮ ಬ್ಯಾಕ್‌ಯಾರ್ಡ್ ಒಂದ್ಸಲ ನೋಡ್ತೀರಾ ಸಾರ್?” ಎನ್ನುತ್ತಿದ್ದರು. ಅವರ ಮಕ್ಕಳು ನನಗಿಟ್ಟ ಹೆಸರು ಹುಲ್ಲಂಕಲ್.

ಬಡ್ತಿ ಎರಡು ಸಲ ಸಿಕ್ಕಿತು. ಎರಡು ಸಲವೂ ಕುರ್ಚಿ ಬದಲಾಯಿತು. ಆ ವಿಷಯ ಅಷ್ಟಕ್ಕೇ ಸಾಕು.

ನನ್ನ ಮೇಲಧಿಕಾರಿ ಡ್ವೇನ್. ಆರಡಿ ಮೂರಂಗುಲದ, ಹುಟ್ಟಾ ಟೆಕ್ಸಸ್ ಮನುಷ್ಯ. ಸಂಶೋಧನಾ ಲೇಖನ ತಂದಿಟ್ಟರೆ ಕೊನೆಯ ಪುಟ ತೆಗೆದು, “ಇದರಲ್ಲಿ ನಾನು ಸೋಮವಾರ ಬೆಳಿಗ್ಗೆ ಏನು ಮಾಡಬೇಕು ಅಂತ ಎಲ್ಲಿ ಬರೆದಿದೆ?” ಎಂದು ಕೇಳುತ್ತಿದ್ದ. ಎಲ್ಲಿಯೂ ಬರೆದಿರುತ್ತಿರಲಿಲ್ಲ. ಆ ಪ್ರಶ್ನೆಗೆ ನಾನು ಹತ್ತು ವರ್ಷ ಸಿಟ್ಟು ಮಾಡಿಕೊಂಡೆ. ಆಮೇಲೆ ನಾನೂ ಅದನ್ನೇ ಕೇಳಲು ಶುರುಮಾಡಿದೆ.

ಜನರ ಬಗ್ಗೆ ಮೊದಲ ಪಾಠ ಆದದ್ದು ಡಾಲಸ್ ಕಡೆಯ ಫ್ರಿಸ್ಕೋದಲ್ಲಿ. ಅಲ್ಲೊಂದು ಹೊಸ ಬಡಾವಣೆ, ಮನೆಗಳ ಹಿಂದೆ ಸಣ್ಣ ತೊರೆ. ತೊರೆಯ ದಡದ ಹುಲ್ಲನ್ನು ಕತ್ತರಿಸದೆ ಬಿಟ್ಟರೆ ಮಣ್ಣು ಕೊಚ್ಚಿಹೋಗುವುದಿಲ್ಲ, ನೀರೂ ತಿಳಿಯಾಗುತ್ತದೆ ಎನ್ನುವುದು ಸಂಶೋಧನೆ. ಅಲ್ಲಿನವರು ಸಲಹೆ ಕೇಳಿದ್ದರಿಂದ ನಮ್ಮ ಆಫೀಸು ನನ್ನನ್ನು ಕಳಿಸಿತ್ತು. ನಾನು ಬಲು ಹೆಮ್ಮೆಯಿಂದ ಒಂದು ಬೋರ್ಡು ಬರೆಸಿ ನೆಡಿಸಿದೆ: “ವನ್ಯಜೀವಿಗಳ ಆವಾಸಸ್ಥಾನ. ಹುಲ್ಲು ಕತ್ತರಿಸಬಾರದು.” ಮರುದಿನವೇ ಅಲ್ಲಿಯ ಕನ್ನಡದವರೊಬ್ಬರ ಫೋನು.

“ಸಾರ್, ನೀವು ನಮ್ಮ ಮೈಸೂರಿನವರಂತೆ. ನಮ್ಮನೆ ಹಿಂದೆ ಹಾವು ಬಿಟ್ಟಿದೀರಂತೆ?”

“ಅಯ್ಯೋ, ನಾನು ಬಿಟ್ಟಿಲ್ಲ ಸಾರ್. ಅವು ಮೊದಲಿಂದಲೂ ಇವೆ.”

“ಹಂಗಾದ್ರೆ ಇದೆ ಅಂತ ನೀವೇ ಒಪ್ಕೊಂಡ್ರಿ!”

ಒಂದು ವಾರದಲ್ಲಿ ದಡ ಬೋಳಾಯಿತು. ಡ್ವೇನ್ ತಾನೇ ಬಂದ. ನನ್ನ ಬೋರ್ಡು ಕಿತ್ತು, “ವಸಂತದ ಹೂದೋಟ. ಫೋಟೋಗೆ ಸ್ವಾಗತ” ಎಂದು ಬೇರೆ ಬೋರ್ಡು ನೆಡಿಸಿದ. ನಾಲ್ಕು ಹಿಡಿ ಬ್ಲೂಬಾನೆಟ್ ಹೂವಿನ ಬೀಜ ಎರಚಿದ. ಮುಂದಿನ ವಸಂತದಲ್ಲಿ ಅದೇ ಮಹಾಶಯರು, ಎದೆಮಟ್ಟ ಬೆಳೆದ ಹುಲ್ಲಿನ ಮುಂದೆ, ನೀಲಿ ಹೂವಿನ ನಡುವೆ ತಮ್ಮ ಅವಳಿ ಮಕ್ಕಳನ್ನು ಕೂರಿಸಿದ ಫೋಟೋ ನನಗೆ ಕಳಿಸಿದರು. ನಾನು ಫೋನ್ ಮಾಡಿ, “ಹಾವು?” ಎಂದೆ. “ಛೆ ಛೆ, ತೋಟದಲ್ಲಿ ಎಂಥ ಹಾವು ಸಾರ್!” ಎಂದರು.

ವಿಧಾನಗಳೂ ಬದಲಾದವು. ನಾವು ಕಲಿತದ್ದು ಪೈಪಿನಿಂದ ಮಾಡಿದ ಒಂದು ಮೀಟರ್ ಚೌಕಟ್ಟನ್ನು ನೆಲದ ಮೇಲಿಟ್ಟು, ಮಂಡಿಯೂರಿ, ಅದರೊಳಗಿನ ಒಂದೊಂದು ಜಾತಿಯ ಹುಲ್ಲನ್ನೂ ಲೆಕ್ಕ ಮಾಡುವುದನ್ನು. ಆಮೇಲೆ ಡ್ರೋನ್ ಬಂತು. ಅದನ್ನು ಮಾರಲು ಬಂದ ಹುಡುಗ ಇನ್ನು ನೀವು ಯಾರೂ ಬಗ್ಗಬೇಕಾಗಿಲ್ಲ ಎಂದ. ಅದೇ ಫ್ರಿಸ್ಕೋದ ತೊರೆಯ ಮೇಲೆ ಹಾರಿಸಿದೆವು. ಕಂಪ್ಯೂಟರು ಇಡೀ ಬಡಾವಣೆಯಲ್ಲಿ ಅತ್ಯಂತ ಆರೋಗ್ಯವಂತ ಹಸಿರು ಎಂದು ಒಂದು ಉದ್ದನೆಯ ತುಂಡನ್ನು ಗುರುತಿಸಿತು. ನಾನು ಬಿಸಿಲಿನಲ್ಲಿ ಅಲ್ಲಿಗೆ ನಡೆದುಹೋಗಿ ನೋಡಿದರೆ, ಯಾರದೋ ಹಿತ್ತಲಲ್ಲಿ ಒಣಗಲು ಹರವಿದ್ದ ಗಿಳಿಹಸಿರು ಸೀರೆ. ಜರಿ ಅಂಚನ್ನು ಅದು ಒಣಹುಲ್ಲು ಎಂದು ಬರೆದುಕೊಂಡಿತ್ತು. ಮತ್ತೆ ಬಗ್ಗಿದೆವು.

ಇಷ್ಟು ಬಗ್ಗಿಯೂ ನಾನು ಮಾಡಿದ ದೊಡ್ಡ ತಪ್ಪು ನನ್ನ ಮನೆಯಿಂದ ಹತ್ತು ನಿಮಿಷದ ದೂರದಲ್ಲಿ, ನನ್ನ ಮೂಗಿನ ಕೆಳಗೇ ನಡೆಯಿತು. ಮಕ್ಕಳೇ, ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ.

ಹ್ಯೂಸ್ಟನ್ ಸುತ್ತ ಎಲ್ಲ ಕಡೆ ದೊಡ್ಡ ದೊಡ್ಡ ಹೊಂಡಗಳಿವೆ. ಮಳೆ ಜೋರಾದಾಗ ನೀರು ಮನೆಗಳಿಗೆ ನುಗ್ಗದಂತೆ ಹಿಡಿದಿಡಲು ತೋಡಿದವು. ಉಳಿದ ಕಾಲದಲ್ಲಿ ಒಣಗಿದ ಬಯಲು. ನಮ್ಮ ಆಫೀಸಿನ ಕೈಯಲ್ಲಿ ಅಂಥವು ಹನ್ನೆರಡು ಇದ್ದವು. ಎಲ್ಲದರಲ್ಲೂ ಒಂದೇ ಹುಲ್ಲು: ಬರ್ಮುಡಾ. ಅದು ಬೇರೇನೂ ಅಲ್ಲ, ನಮ್ಮ ಗರಿಕೆಯೇ. ನಮ್ಮಲ್ಲಿ ಹಿರಿಯರು ಆಶೀರ್ವಾದ ಮಾಡುವಾಗ ವಂಶ ಗರಿಕೆಯಂತೆ ಹಬ್ಬಲಿ ಎನ್ನುತ್ತಾರೆ. ಹೇಗೆ ಹಬ್ಬುತ್ತದೆ ಎಂದು ನೋಡಿದವರು ಆ ಆಶೀರ್ವಾದ ಮಾಡುವ ಮುಂಚೆ ಎರಡು ಸಲ ಯೋಚಿಸಬೇಕು. ಅದು ಬಂದಲ್ಲಿ ಇನ್ನೊಂದು ಹುಲ್ಲನ್ನು ತಲೆಯೆತ್ತಲು ಬಿಡುವುದಿಲ್ಲ. ಈ ನಾಡಿನ ಹಳೆಯ ಎತ್ತರದ ಹುಲ್ಲುಗಳ ಬೇರು ಆಳಕ್ಕಿಳಿದು, ಇಲ್ಲಿಯ ಗಟ್ಟಿ ಜೇಡಿಮಣ್ಣಿನಲ್ಲಿ ನೀರಿಗೆ ದಾರಿ ಮಾಡಿಕೊಡುತ್ತದೆ. ಅವನ್ನು ಹೊಂಡಗಳಿಗೆ ಮರಳಿ ತರಬೇಕು ಎನ್ನುವುದು ನನ್ನ ಇಡೀ ನೌಕರಿಯ ಆಸೆ. ಹಾಗಾಗಿ ಗರಿಕೆ ನನ್ನ ವೈರಿ. “ಗಣಪ್ಪಗ ಏರಿಸೋ ಕರಕಿಗೆ ವಿಷಾ ಹಾಕತೀರಲ್ರಿ, ನಿಮಗ ಒಳ್ಳೇದಾದೀತೇನು?” ಎಂದು ನನ್ನ ಹೆಂಡತಿ ಸುಮಂಗಲಾ ಪ್ರತಿ ಚೌತಿಗೂ ಕೇಳುವಳು. ಅವಳ ಊರಲ್ಲಿ ಗರಿಕೆಗೆ ಕರಕಿ ಎನ್ನುತ್ತಾರೆ.

ಪೇರ್ಲ್ಯಾಂಡ್‌ನ ಹೊಂಡದಲ್ಲಿ ನನಗೆ ಪ್ರಯೋಗಕ್ಕೆ ಮೂರು ಪಟ್ಟಿ ಜಾಗ ಸಿಕ್ಕಿತು. ಮೊದಲನೇ ಪಟ್ಟಿಯಲ್ಲಿ ಔಷಧಿ ಹೊಡೆದು ಗರಿಕೆ ಸಾಯಿಸಿ ನಾಡಹುಲ್ಲು ಬಿತ್ತಿದೆ. ಎರಡನೆಯದರಲ್ಲಿ ಔಷಧಿ ಇಲ್ಲದೆ ಬಿತ್ತಿದೆ. ಮೂರನೆಯದರಲ್ಲಿ ಏನೂ ಮಾಡಲಿಲ್ಲ. ಏನೂ ಮಾಡದಿದ್ದರೆ ಏನಾಗುತ್ತದೆ ಎಂದು ಹೋಲಿಸಲು ಹಾಗೆ ಒಂದು ಪಟ್ಟಿ ಬಿಡಲೇಬೇಕು. ಪ್ರತಿ ಪಟ್ಟಿಗೂ ಕಂಬ, ಕಂಬಕ್ಕೆ ದೊಡ್ಡದಾಗಿ ನಂಬರು, ಸುತ್ತ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಟೇಪು. ಪಕ್ಕದಲ್ಲೇ ಜನ ವಾಕಿಂಗ್ ಹೋಗುವ ದಾರಿ.

ಆ ವರ್ಷದ ಗಣೇಶನ ಹಬ್ಬ ನಮ್ಮ ಬಳಗದವರು ಒಂದು ಶಾಲೆಯ ಹಾಲ್‌ನಲ್ಲಿ ಮಾಡಿದರು. ಎಲ್ಲರೂ ತಮ್ಮ ತಮ್ಮ ಲಾನ್‌ನಿಂದ ಗರಿಕೆ ಕಿತ್ತು ತಂದಿದ್ದರು. ನನಗೆ ಸುಮ್ಮನಿರಲಾಗಲಿಲ್ಲ. ಲಾನ್‌ಗೆ ಕಳೆನಾಶಕ ಹೊಡೆಯುತ್ತೀರಿ, ದೇವರಿಗೆ ಅದನ್ನೇ ಏರಿಸುತ್ತೀರಲ್ಲ ಎಂದು ಶುರುಮಾಡಿ, “ಗರಿಕೆ ಅಂದ್ರೆ ನನ್ನ ಹೊಂಡದ ಮೂರನೇ ಪಟ್ಟೀದು. ಒಂದು ಹನಿ ಕೆಮಿಕಲ್ ಮುಟ್ಟಿಲ್ಲ” ಎಂದು ಮೈಕಿನಲ್ಲೇ ಹೇಳಿದೆ. ಬಾಯಿ ಬಿಟ್ಟರೆ ಬಣ್ಣಗೇಡು. ಹೇಳಿ, ಪುಳಿಯೋಗರೆ ತಿಂದು, ಮನೆಗೆ ಬಂದು ಮರೆತುಬಿಟ್ಟೆ.

ಮುಂದೆ ಮೂರು ವರ್ಷ ತಿಂಗಳಿಗೊಮ್ಮೆ ಹೋಗಿ ಎಣಿಸಿದೆ. ಮೊದಲನೇ ಪಟ್ಟಿ ಲೇಖನದಲ್ಲಿ ಬರೆದಂತೆ ನಡೆದುಕೊಂಡಿತು. ಎರಡನೇ ಪಟ್ಟಿಯಲ್ಲಿ ಗರಿಕೆ ಸಸಿಗಳ ಕುತ್ತಿಗೆ ಹಿಸುಕುತ್ತಿತ್ತು. ಆದರೆ ಮೂರನೆಯದು! ಏನೂ ಮಾಡದ ಆ ಪಟ್ಟಿಯಲ್ಲಿ ಗರಿಕೆ ತಾನಾಗಿಯೇ ವರ್ಷ ವರ್ಷ ಕಡಿಮೆಯಾಗುತ್ತ ಬಂತು. ಖಾಲಿಯಾದ ಜಾಗದಲ್ಲಿ ಪಕ್ಕದಿಂದ ಹಾರಿ ಬಂದ ನಾಡಹುಲ್ಲಿನ ಬೀಜ ಮೊಳೆಯಿತು. ಇಂಥದ್ದನ್ನು ಪ್ರಪಂಚದಲ್ಲಿ ಯಾರೂ ನೋಡಿರಲಿಲ್ಲ. ನಾನು ಹನ್ನೊಂದು ಪುಟದ ವರದಿ ಬರೆದೆ. ಬೇಸಿಗೆಯಲ್ಲಿ ಬಿರಿಯುವ ಜೇಡಿಮಣ್ಣು ಕಾರಣವಿರಬಹುದು ಎಂದೆ. ಮಣ್ಣಿನೊಳಗಿನ ಶಿಲೀಂಧ್ರ ಕಾರಣವಿರಬಹುದು ಎಂದೆ. ಅಲ್ಲಲ್ಲಿ ಬೇರು ಕಿತ್ತಂತೆ ಸಣ್ಣ ಸಣ್ಣ ಗುಳಿಗಳು ಕಂಡಿದ್ದರಿಂದ ಇರುವೆಗಳ ಮೇಲೆ ನನಗೆ ವಿಶೇಷ ಗುಮಾನಿ. ಇರುವೆಗಳಿಗೆ ಎರಡು ಪುಟ ಕೊಟ್ಟೆ.

ಡ್ವೇನ್ ಈ ಸಲ ಮೊದಲ ಪುಟದಿಂದ ಓದಿದ. “ಏನೂ ಮಾಡದಿರುವುದೇ ದಾರಿ! ಇಷ್ಟು ವರ್ಷ ನಾನು ಕಾಯುತ್ತಿದ್ದ ಸಂಶೋಧನೆ ಇದು” ಎಂದು ನನ್ನ ಬೆನ್ನು ತಟ್ಟಿದ. ಹನ್ನೆರಡು ಹೊಂಡಗಳಲ್ಲೂ ಬಿತ್ತನೆ ನಿಲ್ಲಿಸಿ ಹಾಗೇ ಬಿಟ್ಟುಬಿಡುವ ಯೋಜನೆ ಬರೆದು ನಮ್ಮ ಆಫೀಸನ್ನು ನಡೆಸುವ ಮಂಡಳಿಯ ಮುಂದಿಟ್ಟ. ಒಪ್ಪಿಗೆಯ ಸಭೆ ಮುಂದಿನ ಸೋಮವಾರ.

ಅದರ ಹಿಂದಿನ ಗುರುವಾರ ಸಂಕಷ್ಟಿ. ಸಂಜೆ ನಾನು ಆಫೀಸಿನಿಂದ ಬಂದಾಗ ಸುಮಂಗಲಾ ಗಣಪತಿಗೆ ಗರಿಕೆ ಹಾರ ಕಟ್ಟುತ್ತಿದ್ದಳು. ಹಾರದ ತುದಿಗೆ ಗುಲಾಬಿ ಬಣ್ಣದ ಟೇಪು.

“ಇದು ನಮ್ಮ ಆಫೀಸಿನ ಟೇಪಲ್ವಾ?”

“ಹೌದ್ರಿ. ಅಲ್ಲೇ ಕಟ್ಟಿರತೈತಿ. ಒಂದೀಟ ಹರಕೊಂಡೆ.”

“ಅಲ್ಲೇ ಅಂದ್ರೆ ಎಲ್ಲಿ?”

“ನಿಮ್ಮ ಮೂರನೇ ಪಟ್ಟ್ಯಾಗ. ನೀವ ಹೇಳಿದ್ರಲ್ಲ ಮೈಕಿನ್ಯಾಗ, ಭಾಳ ಶುದ್ಧ ಐತಿ ಅಂತ. ಪ್ರತಿ ಸಂಕಷ್ಟಿಗೆ ಎಲ್ಲಾರೂ ಅಲ್ಲಿಂದನ ತರತೇವಿ. ಈಗ ನಲವತ್ತು ಮನಿ ಆಗೇವಿ. ವಾಟ್ಸ್ಯಾಪ್ ಗ್ರೂಪ್ ಐತಿ.”

ನಾನು ಆಫೀಸಿನ ಬ್ಯಾಗು ಕೆಳಗಿಟ್ಟೆ. “ಗ್ರೂಪ್ ಹೆಸರೇನು?”

“ಮೂರನೇ ಪಟ್ಟಿ.”

“ಬೇರು ಸಮೇತ ಕೀಳ್ತೀರಾ?”

“ಹಾರಕ್ಕ ಉದ್ದ ಬೇಕಲ್ರಿ. ಬಳ್ಳಿ ಹಿಡದು ಎಳದ್ರ ಬೇರ ಸಮೇತನ ಬರತೈತಿ.”

“ನನಗ್ಯಾಕೆ ಒಂದು ಮಾತು ಹೇಳಲಿಲ್ಲ?”

“ನಿಮಗ ಗೊತ್ತಿಲ್ಲ ಅಂತ ನಮಗ ಹೆಂಗ ಗೊತ್ತಾಗಬೇಕು? ತಿಂಗಳಾ ಅಲ್ಲೇ ಮಂಡಿ ಊರಿ ನೋಡತಿರತೀರಿ.”

ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರೆ. ನಾನು ವಿನಾಯಕನ ಹುಲ್ಲಿನಿಂದ ಇರುವೆಗಳ ಸಿದ್ಧಾಂತ ಮಾಡಿದ್ದೆ. ಆ ಸಂಜೆ ನನಗೆ ನಗು ಬರಲಿಲ್ಲ, ಭಯವಾಯಿತು. ಸೋಮವಾರ ಮಂಡಳಿ ಒಪ್ಪಿದರೆ ಬಿತ್ತನೆ ಎಲ್ಲ ಕಡೆ ನಿಲ್ಲುತ್ತದೆ. ನಲವತ್ತು ಹೆಂಗಸರು ಹೋಗದ ಹನ್ನೊಂದು ಹೊಂಡಗಳನ್ನು ಗರಿಕೆ ಕಾಯಮ್ಮಾಗಿ ನುಂಗುತ್ತದೆ. ನಾನು ಬೇಡಿ ಕಾಡಿ ಹತ್ತು ವರ್ಷದಲ್ಲಿ ಕಟ್ಟಿದ ಕೆಲಸ ನನ್ನದೇ ಸಹಿಯ ವರದಿಯಿಂದ ಮುಗಿಯುತ್ತದೆ. ಬಾಯಿ ಬಿಟ್ಟರೆ ನನ್ನ ಮಾತನ್ನು ಮುಂದೆ ಯಾರೂ ನಂಬುವುದಿಲ್ಲ, ಡ್ವೇನ್‌ನ ಮುಖಕ್ಕೂ ಮಸಿ. ಶುಕ್ರವಾರ ಅರ್ಧ ದಿನ ನಾನು ಇರುವೆಗಳೂ ಸ್ವಲ್ಪ ಕಾರಣ ಇರಬಹುದಲ್ಲ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಸುಮಂಗಲಾ ಒಂದೇ ಮಾತು ಹೇಳಿದಳು: “ಗಣಪ್ಪನ ಹೆಸರಿನ್ಯಾಗ ಸುಳ್ಳ ಬರೀಬ್ಯಾಡ್ರಿ.”

ಮಧ್ಯಾಹ್ನ ಡ್ವೇನ್‌ಗೆ ಎಲ್ಲ ಹೇಳಿದೆ. ಆನೆ ತಲೆಯ ದೇವರಿಂದ ಶುರುಮಾಡಬೇಕಾಯಿತು. ಕೊನೆಗೆ ಅವನು ಲೆಕ್ಕ ಕೇಳಿದ.

“ಎಷ್ಟು ಜನ?”

“ನಲವತ್ತು ಮನೆ.”

“ಎಷ್ಟು ಸಲ?”

“ತಿಂಗಳಿಗೊಂದು ಸಲ. ಹಬ್ಬಕ್ಕೆ ಜಾಸ್ತಿ.”

“ನಿನ್ನ ಹೆಂಡತಿ?”

“ಗ್ರೂಪಿನ ಅಡ್ಮಿನ್.”

ಅವನು ಟೋಪಿ ಎತ್ತಿಕೊಂಡು ಹೊರಗೆ ಹೋದವನು ಆ ದಿನ ವಾಪಸು ಬರಲಿಲ್ಲ.

ಸೋಮವಾರ ಸಭೆಯಲ್ಲಿ ನಾನೇ ಎದ್ದು ನಿಂತು, ವರದಿ ತಪ್ಪು, ತಪ್ಪು ನನ್ನದು, ಪಟ್ಟಿಗೆ ಯಾರು ಬರುತ್ತಾರೆ ಎಂದು ನಾನು ಒಬ್ಬರನ್ನೂ ಕೇಳಲಿಲ್ಲ ಎಂದು ಹೇಳಿದೆ. ಮಂಡಳಿಯ ಹಿರಿಯ ಸದಸ್ಯೆ ಲೊರೇನ್, ದನ ಸಾಕಿ ಬದುಕಿದ ಮುದುಕಿ, ಕನ್ನಡಕ ಕೆಳಗಿಳಿಸಿ ಕೇಳಿದಳು: “ಹಾಗಾದರೆ ಆ ಇರುವೆಗಳು?”

“ಇರುವೆಗಳು ನಿರಪರಾಧಿಗಳು, ಮೇಡಂ.”

ಸಭೆ ಐದು ನಿಮಿಷ ನಕ್ಕಿತು. ಡ್ವೇನ್ ನಗಲಿಲ್ಲ. ತನ್ನ ಯೋಜನೆಯನ್ನು ಎದ್ದು ನಿಂತು ವಾಪಸು ತೆಗೆದುಕೊಂಡ. ಹೊರಡುವ ಮುಂಚೆ ಲೊರೇನ್ ಮತ್ತೆ ಬಾಯಿ ತೆಗೆದಳು: “ನಿಮ್ಮ ಎರಡನೇ ಪಟ್ಟಿಯಲ್ಲಿ ಆ ಹುಲ್ಲು ಸಸಿಗಳನ್ನು ಕೊಲ್ಲುತ್ತಿದೆ ಅಂತೀರಿ. ಆ ಹೆಂಗಸರನ್ನು ಅಲ್ಲಿಗೆ ಯಾಕೆ ಕಳಿಸಬಾರದು?”

ಮೂವತ್ತು ವರ್ಷ ಓದಿದ ನನಗೆ ಅದು ಹೊಳೆದಿರಲಿಲ್ಲ.

ಹಾಗೇ ಮಾಡಿದೆವು. ಮೂರನೇ ಪಟ್ಟಿಯ ಮುಂದೆ “ದಯವಿಟ್ಟು ಇಲ್ಲಿ ಗರಿಕೆ ಕೀಳಬೇಡಿ” ಎಂದು ಅಚ್ಚಗನ್ನಡದ ಬೋರ್ಡು ಬಂತು. ಟೆಕ್ಸಸ್‌ನ ಹೊಂಡದ ದಂಡೆಯಲ್ಲಿ ಬೇರೆಲ್ಲೂ ಅಂಥದ್ದಿರಲಾರದು. ಎರಡೇ ಬೇಸಿಗೆಯಲ್ಲಿ ಗರಿಕೆ ಆ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಮುಚ್ಚಿಕೊಂಡಿತು. ಏನೂ ಮಾಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಉತ್ತರ ಸಿಕ್ಕಿತು. ಎರಡನೇ ಪಟ್ಟಿಗೆ ಹೆಂಗಸರು ಬಂದರು. ನಾಡಹುಲ್ಲಿನ ಸಸಿ ಕಿತ್ತುಬಿಟ್ಟಾರು ಎಂದು ನಾನು ಚಿತ್ರಪಟ ಹಿಡಿದುಕೊಂಡು ತರಬೇತಿ ಕೊಡಲು ನಿಂತೆ. ಮೈಸೂರಿನ ಪದ್ಮಾ ಆಂಟಿ ಎರಡು ನಿಮಿಷ ಸಹಿಸಿಕೊಂಡು, “ಐವತ್ತು ವರ್ಷದಿಂದ ಗರಿಕೆ ಕೀಳ್ತಾ ಇದೀನಪ್ಪ. ಬಿಸಿಲು ಏರತ್ತೆ, ಸ್ವಲ್ಪ ಪಕ್ಕಕ್ಕೆ ಸರಿ” ಎಂದರು. ಅವರ ಕೈ ತಪ್ಪಿದ್ದನ್ನು ನಾನು ಒಂದು ಸಲವೂ ನೋಡಲಿಲ್ಲ. ನನ್ನ ಹತ್ತಿರ ಟ್ರೇನಿಂಗ್‌ಗೆ ಬಂದ ವಿದ್ಯಾರ್ಥಿಗಳ ಬಗ್ಗೆ ಆ ಮಾತು ಹೇಳಲಾರೆ.

ಸಭೆಯಾದ ಮೇಲೆ ನನ್ನೊಡನೆ ಹದಿನೈದು ದಿನ ಮಾತು ಬಿಟ್ಟಿದ್ದ ಡ್ವೇನ್ ಮೊದಲು ಆಡಿದ ಮಾತು, “ಮಾರ್ಚಿನಲ್ಲಿ ಸಂಕಷ್ಟಿ ಯಾವತ್ತು?” ಎಂದು. ಮಿಷನ್ನಿನಿಂದ ಹುಲ್ಲು ಕತ್ತರಿಸುವವರು ಆ ದಿನ ಅಲ್ಲಿಗೆ ಹೋಗದಂತೆ ಅವನು ನೋಡಿಕೊಳ್ಳಬೇಕಿತ್ತು. ಬೆಂಗಳೂರಿನ ಪಂಚಾಂಗದ ದಿನವೂ ಇಲ್ಲಿಯ ದಿನವೂ ಒಮ್ಮೊಮ್ಮೆ ಬೇರೆಯಾಗುತ್ತದೆ ಎಂದು ಸುಮಂಗಲಾ ಅವನಿಗೆ ಫೋನಿನಲ್ಲಿ ಅರ್ಧ ಗಂಟೆ ವಿವರಿಸಿದಳು. ಆಮೇಲಿನಿಂದ ಪೇರ್ಲ್ಯಾಂಡ್ ಹೊಂಡದ ಅಧಿಕೃತ ನಿರ್ವಹಣಾ ಯೋಜನೆಗೆ ಟೆಕ್ಸಸ್‌ನ ಪಂಚಾಂಗ ಲಗತ್ತಾಗಿದೆ.

ನಾನು ನಿವೃತ್ತನಾದ ವರ್ಷ, ಚೌತಿಯ ಬೆಳಿಗ್ಗೆ ಕೊನೆಯ ಸಲ ಎರಡನೇ ಪಟ್ಟಿ ಎಣಿಸಲು ಹೋದೆ. ನಾಡಹುಲ್ಲು ನನ್ನ ಎದೆಗೆ ಬಂದಿತ್ತು. ಹೆಂಗಸರು ಕಿತ್ತು ಕಿತ್ತು ಸೊರಗಿಸಿದ ಗರಿಕೆಯನ್ನು ಅದರ ನೆರಳು ಮುಗಿಸಿತ್ತು. ಇಪ್ಪತ್ತು ಕಡೆ ಚೌಕಟ್ಟು ಇಟ್ಟೆ, ಇಪ್ಪತ್ತು ಕಡೆಯೂ ಗರಿಕೆ ಸೊನ್ನೆ. ಮಂಡಿಯೂರಿದಲ್ಲೇ ಕೂತು ಅತ್ತುಬಿಟ್ಟೆ. ಅಷ್ಟರಲ್ಲಿ ಬೆನ್ನ ಹಿಂದೆ ಪದ್ಮಾ ಆಂಟಿಯ ದನಿ.

“ಏನಪ್ಪಾ ಇದು? ಅರ್ಧ ಗಂಟೆಯಿಂದ ಹುಡುಕ್ತಾ ಇದೀವಿ, ಒಂದು ಎಳೆ ಗರಿಕೆ ಇಲ್ಲ. ಹಬ್ಬದ ದಿನ ದೇವರಿಗೆ ಏನು ಏರಿಸೋದು? ಎಲ್ಲಾ ಹಾಳು ಮಾಡಿಟ್ಟಿದೀಯ!”

ಹಿಂದೆ ಸ್ಟೀಲ್ ಡಬ್ಬಿ ಹಿಡಿದು, ರೇಷ್ಮೆ ಸೀರೆಯುಟ್ಟ ಇಪ್ಪತ್ತು ಮೂವತ್ತು ಜನ, ನನ್ನನ್ನು ಅಪರಾಧಿಯಂತೆ ನೋಡುತ್ತ ನಿಂತಿದ್ದರು. ನನಗೆ ವಿದಾಯ ಹೇಳಲು ಬಂದಿದ್ದ ಡ್ವೇನ್‌ಗೆ ವಿಷಯ ತಿಳಿಸಿದೆ. ಅವನು ಟ್ರಕ್ಕಿನ ಬಾನೆಟ್ ಮೇಲೆ ನಕ್ಷೆ ಹರಡಿ, ಒಂದು ಕಡೆ ಬೆರಳಿಟ್ಟ. “ಏಳನೇ ಹೊಂಡ. ಇಲ್ಲಿಂದ ಎರಡು ಮೈಲಿ. ಈ ವರ್ಷ ನಾಡಹುಲ್ಲು ಬಿತ್ತಿದ್ದೇವೆ, ಆದರೆ ಎಲ್ಲಿ ನೋಡಿದರೂ ನಿಮ್ಮ ಹುಲ್ಲೇ.”

“ಔಷಧಿ ಹೊಡೆದಿದೀರಾ?” ಪದ್ಮಾ ಆಂಟಿ ಇಂಗ್ಲಿಷಿನಲ್ಲಿ ದಬಾಯಿಸಿದರು.

ಡ್ವೇನ್ ಟೋಪಿ ತೆಗೆದ. “ಇಲ್ಲ ಮೇಡಂ. ಒಂದು ಹನಿಯೂ ಮುಟ್ಟಿಲ್ಲ.”

ಒಂದರ ಹಿಂದೊಂದು ಮಿನಿವ್ಯಾನುಗಳು ಸ್ಟಾರ್ಟ್ ಆದವು. “ರೀ, ನಿಂತ ಏನ ನೋಡತೀರಿ? ಪೂಜಿಗೆ ಹೊತ್ತಾತು, ಹತ್ತರಿ” ಎಂದು ಸುಮಂಗಲಾ ಕೂಗಿದಳು. ನಾನು ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿದೆ. ಒಂದು ಸಂಶೋಧನೆ ಕಾಗದದಿಂದ ನೆಲಕ್ಕಿಳಿಯಲು ಏಳೆಂಟು ವರ್ಷ ಹಿಡಿಯುವುದನ್ನು ನಾನು ನೌಕರಿಯುದ್ದಕ್ಕೂ ನೋಡಿದ್ದೆ. ಅವತ್ತು ಅದು ಎಡಗಡೆ ಇಂಡಿಕೇಟರ್ ಹಾಕಿಕೊಂಡು ಏಳನೇ ಹೊಂಡಕ್ಕೆ ಹೊರಟಿತು.